ಮರಳು ಮೂಟೆಯ ಪಕ್ಕದ ಸೀಟು

ಮಾರ್ಚ್ ೨, ಭಾನುವಾರ

ಈ ಪಾರ್ಕನ್ನು ಕಟ್ಟಿದವನು ನಾನು. ಮಾಲೀಕರು ದುಡ್ಡು ಹಾಕಿದರು, ಇಂಜಿನಿಯರು ನಕ್ಷೆ ಬರೆದರು, ಕೂಲಿಯವರು ಕಲ್ಲು ಹೊತ್ತರು. ಅವೆಲ್ಲ ಚಿಲ್ಲರೆ ಕೆಲಸ. ಬುದ್ಧಿ ನನ್ನದು. ಮೂವತ್ತು ವರ್ಷದ ಹಿಂದೆ ನನ್ನ ಕಸುಬಾದ ತಕ್ಕಡಿ ರಿಪೇರಿಗೆಂದು ಅಲ್ಲಿಗೆ ಹೋದಾಗ, "ಆ ಮೂಲೆಯಲ್ಲಿ ಒಂದು ಗುಹೆ ಮಾಡಿ, ನೀರು ಹರಿಸಿ, ದೋಣಿ ಬಿಡಿ" ಎಂದು ಮಾಲೀಕರಿಗೆ ಹೇಳಿದ್ದೆ. ಅವರು ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. ಹಾಗೆ ಹುಟ್ಟಿದ್ದು ದೋಣಿಗುಹೆ.

ಇಂಥವನು ದಿನಚರಿ ಬರೆಯದಿದ್ದರೆ ಮುಂದಿನವರಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ಈ ನೋಟುಬುಕ್ಕು. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಆದರೆ ನಮ್ಮ ಮೇಷ್ಟ್ರ ಬೆತ್ತದ ಏಳು ಅಂದರೆ ಈಗಿನ ಹದಿನೇಳಕ್ಕೆ ಸಮ. ಪೆನ್ನು ನನ್ನ ಮಾಮೂಲಿ ಹಸಿರು ಶಾಯಿಯದೇ.

ಇವತ್ತು ಪಾರ್ಕಿನ ಗೇಟಿನಲ್ಲಿ ಒಂದು ಬೋರ್ಡು ಎದ್ದಿದೆ. ಬಸ್ಸಿನಷ್ಟು ಉದ್ದ. ಆರು ಅಂತಸ್ತಿನ ರೆಸಾರ್ಟ್ ಹೋಟೆಲಿನ ಚಿತ್ರ, ನೂರ ಎಂಬತ್ತು ಕೋಣೆ, ಈಜುಕೊಳ, ಆಚೆಗೆ ಮೂರು ಹೊಸ ಆಟಗಳು. ಕೆಳಗೆ ಬರೆದಿದೆ: "ನಿಮ್ಮ ಬೇಡಿಕೆಯಂತೆ! ೧,೩೧೨ ಅತಿಥಿಗಳು ಅಭಿಪ್ರಾಯ ಚೀಟಿಯಲ್ಲಿ ರಾತ್ರಿ ತಂಗಲು ಕೋಣೆ ಕೇಳಿದ್ದಾರೆ." ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ, ಈ ಕಾಮಗಾರಿಗಾಗಿ ದೋಣಿಗುಹೆಯನ್ನು ತಿಂಗಳ ಕೊನೆಯ ಭಾನುವಾರ ಮುಚ್ಚಲಾಗುವುದು.

ಆ ಸಣ್ಣ ಅಕ್ಷರವನ್ನು ನಾಲ್ಕು ಸಲ ಓದಿದೆ. ಬಿಸಿಲಿಗೆ ಕಣ್ಣು ಮಂಜಾಗಿರಬೇಕು.

ದೋಣಿಗುಹೆಯ ಎದುರಿನ ಕಲ್ಲುಬೆಂಚಿನಲ್ಲಿ ನಾವು ನಾಲ್ವರು. ವರ್ಷದ ಪಾಸು ಇಟ್ಟುಕೊಂಡ ಕಾಯಂ ಗಿರಾಕಿಗಳು. ಪೋಸ್ಟಕ್ಕ ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಯಾರು ದೋಣಿಗುಹೆಯಲ್ಲಿ ಎಷ್ಟು ಸುತ್ತು ಹೋದರು ಎಂಬ ಪುಸ್ತಕ ಅವಳ ಕೈಯಲ್ಲಿ. ಹೋದದ್ದಕ್ಕೆ ಸಾಕ್ಷಿ ಬೇಕಿಲ್ಲ, ಬಾಯಲ್ಲಿ ಹೇಳಿದರೆ ಸಾಕು, ಬರೆದುಕೊಳ್ಳುತ್ತಾಳೆ. ಅದು ನಮ್ಮ ಬೆಂಚಿನ ಮರ್ಯಾದೆ. ಹಲ್ಲುಡಾಕ್ಟರು ವಾರಕ್ಕೊಮ್ಮೆ ರಜೆ ಹಾಕಿ ಬರುವವರು. ಮೀಟರಣ್ಣ ಮನೆಮನೆಯ ಕರೆಂಟು ಮೀಟರು ಓದುವವನು. ಓದಿ ಓದಿ ಎಲ್ಲದರ ಮೇಲೂ ಸಿಟ್ಟು.

"ಯಾರ್ರೀ ಈ ಸಾವಿರದ ಮುನ್ನೂರ ಹನ್ನೆರಡು ಜನ? ಕೈಗೆ ಸಿಗಲಿ, ಒಬ್ಬೊಬ್ಬರ ಹಲ್ಲೂ ಉದುರಿಸ್ತೀನಿ," ಅಂದ ಮೀಟರಣ್ಣ.

"ಉದುರಿಸಿ, ಉದುರಿಸಿ. ಆಮೇಲೆ ನನ್ನ ಹತ್ರಾನೇ ಕಳಿಸಿ," ಅಂದರು ಡಾಕ್ಟರು.

"ಡಾಕ್ಟ್ರೇ, ನಿಮಗೆ ತಮಾಷೆ."

"ತಮಾಷೆ ಅಲ್ಲಪ್ಪ. ನನಗಂತೂ ಖುಷೀನೇ. ಬೆಳಿಗ್ಗೆ ಹಲ್ಲುಜ್ಜುತ್ತಾ ಕಿಟಕಿ ತೆಗೆದ್ರೆ ಎದುರಿಗೆ ರೋಲರ್ ಕೋಸ್ಟರ್ ಕಾಣ್ಬೇಕು. ಇಪ್ಪತ್ತು ವರ್ಷದ ಕನಸು ಅದು."

"ಹಾಗಾದ್ರೆ ನೀವೇ ಏನು ಆ ಚೀಟಿ ಬರೆದೋರು?" ಅಂದಳು ಪೋಸ್ಟಕ್ಕ, ಕನ್ನಡಕದ ಮೇಲಿನಿಂದ ನೋಡುತ್ತ.

ಡಾಕ್ಟರು ಆಣೆ ಮಾಡಿದರು. ನಾನೂ ಮಾಡಿದೆ, ಯಾರೂ ಕೇಳದಿದ್ದರೂ.

"ಬಿಡಿ ಬಿಡಿ, ನಾನು ಮಾಲೀಕರ ಹತ್ರ ಒಂದು ಮಾತು ಹೇಳಿದ್ರೆ ಹೋಟೆಲು ಎದ್ದು ಪಕ್ಕಕ್ಕೆ ಹೋಗುತ್ತೆ," ಅಂದೆ.

"ಹಾಗಾದ್ರೆ ಹೇಳಿ ಮಾಮ," ಅಂದಳು ಪೋಸ್ಟಕ್ಕ. ಬೆಂಚಿನಲ್ಲಿ ಎಲ್ಲರಿಗೂ ನಾನು ಮಾಮ. ಆ ಹೆಸರನ್ನು ಇಲ್ಲಿ ಮೊದಲು ಕೂಗಿದವಳು ಬೇರೆ.

ಪುಸ್ತಕದಲ್ಲಿ ಇವತ್ತಿಗೆ ನನ್ನ ಸುತ್ತು ೩,೦೪೦. ಮೊದಲನೆಯ ಸ್ಥಾನ. ನಿಜಕ್ಕೆ ಹತ್ತು ಸಾವಿರ ದಾಟಿದೆ. ವಿನಯಕ್ಕೆಂದು ಕಮ್ಮಿ ಬರೆಸಿದ್ದೇನೆ.

ಮಾರ್ಚ್ ೪, ಮಂಗಳವಾರ

ಚೀಟಿಯ ವಿಷಯ ಇಲ್ಲಿ ಬರೆದುಬಿಡುತ್ತೇನೆ, ಯಾರು ಓದುತ್ತಾರೆ?

ಪಾರ್ಕಿನ ಟೀ ಕೌಂಟರಿನ ಪಕ್ಕ ಒಂದು ಪೆಟ್ಟಿಗೆ ಇದೆ. ಅಭಿಪ್ರಾಯ ಚೀಟಿ ತುಂಬಿ ಹಾಕಿದರೆ ಒಂದು ಟೀ ಪುಕ್ಕಟೆ. ಒಬ್ಬರಿಗೆ ಒಂದೇ ಸಲ. ಇದು ಅನ್ಯಾಯ ಅನಿಸಿ ನಾನು ಹಲವರಾದೆ. ಒಂದು ದಿನ ನಿವೃತ್ತ ಸೇನಾಧಿಕಾರಿ. ಒಂದು ದಿನ ಮೂರು ಮಕ್ಕಳ ತಾಯಿ. ಒಂದು ದಿನ ನ್ಯಾಯಾಧೀಶ. ಅವನದನ್ನು ಎಡಗೈಯಲ್ಲಿ ಬರೆದೆ, ನ್ಯಾಯಾಧೀಶರ ಅಕ್ಷರ ಯಾರಿಗೂ ಅರ್ಥವಾಗಬಾರದು ನೋಡಿ. ಒಮ್ಮೆ ನವದಂಪತಿಯೂ ಆದೆ: ಅರ್ಧ ಅವನು ಬರೆದ, ಅರ್ಧ ಅವಳು.

ಚೀಟಿಯಲ್ಲಿ ಒಂದು ಪ್ರಶ್ನೆ ಇದೆ: "ನಮ್ಮಲ್ಲಿ ಇನ್ನೇನು ಬೇಕು?" ಎಲ್ಲವೂ ಚೆನ್ನಾಗಿರುವಾಗ ಏನು ಕೇಳುವುದು? ಸುಮ್ಮನೆ ಬರೆದೆ, "ರಾತ್ರಿ ಇಲ್ಲೇ ಮಲಗಲು ಒಂದು ಕೋಣೆ." ಸೇನಾಧಿಕಾರಿಗೂ ಅದೇ ಬೇಕು, ತಾಯಿಗೂ ಅದೇ, ನ್ಯಾಯಾಧೀಶನಿಗೂ ಅದೇ. ಪಾರ್ಕು ಮುಚ್ಚುವ ಗಂಟೆ ಹೊಡೆದಾಗ ಎಲ್ಲರೂ ಮನೆಗೆ ಓಡುತ್ತಾರೆ. ಅದನ್ನು ನೋಡಿದರೆ ನನಗೇಕೋ ಹಿಡಿಸುವುದಿಲ್ಲ, ಅಷ್ಟೇ.

ಎಷ್ಟು ಬರೆದಿರಬಹುದು? ಹತ್ತೋ ಹದಿನೈದೋ. ಇಪ್ಪತ್ತು ದಾಟಿರಲಾರದು.

ಮಾರ್ಚ್ ೫, ಬುಧವಾರ

ಇಪ್ಪತ್ತು ದಾಟಿರಬಹುದು.

ಮಾರ್ಚ್ ೯, ಭಾನುವಾರ

ಫೋನಿನ ಅಭಿಮಾನಿ ಗುಂಪಿನಲ್ಲಿ ಸಾವಿರಕ್ಕೂ ಮಿಕ್ಕಿ ಜನ. ವಾರವಿಡೀ ಅದೇ ಗದ್ದಲ. ಒಡೆದ ಗಾಜಿನ ನನ್ನ ಫೋನಿನಲ್ಲಿ ಒಂದೊಂದನ್ನೇ ಓದಿದೆ.

ಒಬ್ಬ ಬರೆದಿದ್ದ, "ಕೊನೆಗೂ! ಮಕ್ಕಳನ್ನು ಕರ್ಕೊಂಡು ಆರು ಗಂಟೆ ಪ್ರಯಾಣ ಮಾಡಿ ಬರೋರಿಗೆ ಮಾತ್ರ ಗೊತ್ತು ಹೋಟೆಲಿನ ಬೆಲೆ." ಇನ್ನೊಬ್ಬಳು, "ದೋಣಿಗುಹೇಲಿ ತಿಮಿಂಗಿಲದ ದವಡೆ ಮುರಿದು ಎಂಟು ವರ್ಷ ಆಯ್ತು, ಅದನ್ನ ರಿಪೇರಿ ಮಾಡೋಕೆ ಆಗದೋರು ಆರು ಅಂತಸ್ತು ಕಟ್ತಾರಂತೆ." ಮತ್ತೊಬ್ಬ, ಹೊಸ ಆಟಗಳ ಚಿತ್ರ ನೋಡಿ ಮೂರು ದಿನದಿಂದ ನಿದ್ದೆಯಿಲ್ಲ, ಸಂತೋಷಕ್ಕೆ. ಒಬ್ಬಳು ಬರೆದಿದ್ದಳು: "ನಮ್ಮಪ್ಪ ನನ್ನ ಕೈ ಹಿಡಿದಿದ್ದು ನೆನಪಿರೋದು ಆ ಕತ್ತಲೇಲಿ ಮಾತ್ರ."

ನಾನೂ ಒಂದು ಹಾಕಿದೆ: "ಹೆದರಬೇಡಿ. ವಿಷಯ ನನ್ನ ಕೈಯಲ್ಲಿದೆ." ನಲವತ್ತು ಜನ ಹೆಬ್ಬೆರಳು ಎತ್ತಿದರು. ಸಾಕೋ ಸಾಕು.

ಬೆಂಚಿನಲ್ಲಿ ಪೋಸ್ಟಕ್ಕ ಸಹಿ ಸಂಗ್ರಹಿಸಲು ಹಾಳೆ ತಂದಿದ್ದಳು. ಡಾಕ್ಟರೂ ಸಹಿ ಹಾಕಿದರು. "ಹೋಟೆಲೂ ಇರಲಿ, ಗುಹೇನೂ ಇರಲಿ ಅಂತ ಬರೀರಿ," ಅಂದರು. ಮೀಟರಣ್ಣ ಎಷ್ಟು ಒತ್ತಿ ಸಹಿ ಹಾಕಿದನೆಂದರೆ ಹಾಳೆ ಹರಿಯಿತು.

ನಾನು ಸಹಿ ಹಾಕಲು ಪೆನ್ನು ತೆಗೆದೆ. ಹಸಿರು ಶಾಯಿ ಹಾಳೆಗೆ ತಾಗುವ ಹೊತ್ತಿಗೆ ಕೈ ನಿಂತುಬಿಟ್ಟಿತು.

ಅಯ್ಯೋ ದೇವರೇ.

ಸೇನಾಧಿಕಾರಿ, ತಾಯಿ, ನ್ಯಾಯಾಧೀಶ, ಗಂಡ, ಹೆಂಡತಿ, ಬಲಗೈ, ಎಡಗೈ, ಓರೆ ಅಕ್ಷರ, ದುಂಡು ಅಕ್ಷರ. ಎಲ್ಲವೂ ಹಸಿರು.

"ಯಾಕೆ ಮಾಮ, ಹೆಸರು ಮರೆತುಹೋಯ್ತಾ?" ಅಂದಳು ಪೋಸ್ಟಕ್ಕ. ಅವಳ ನೀಲಿ ಪೆನ್ನು ಇಸಿದುಕೊಂಡು ಸಹಿ ಹಾಕಿದೆ.

ಆಮೇಲೆ ಎಂದಿನಂತೆ, "ಇವತ್ತು ಎಷ್ಟು?" ಎಂದು ಕೇಳಿದಳು.

"ನೀವೆಲ್ಲ ಬರೋ ಮುಂಚೇನೇ ಎಂಟು ಮುಗಿಸಿದೆ."

ಬರೆದುಕೊಂಡಳು. ದೋಣಿಯವನು ಕಂಬಕ್ಕೆ ಹಗ್ಗ ಸುತ್ತುತ್ತ ನನ್ನನ್ನು ನೋಡಿದ. ಅವನು ಏನೂ ಹೇಳುವುದಿಲ್ಲ. ಒಳ್ಳೆಯವನು.

ಮಾರ್ಚ್ ೧೨, ಬುಧವಾರ

ಮನೆ ಅಂದರೆ ಕೆಳಗೆ ಮುಚ್ಚಿದ ಅಂಗಡಿ, ಮೇಲೆ ಒಂದು ಕೋಣೆ. ರಿಪೇರಿಗೆ ಕೊಟ್ಟು ವಾಪಸು ಒಯ್ಯದ ತಕ್ಕಡಿಗಳು ಇನ್ನೂ ಗೋಡೆಯಲ್ಲಿ ತೂಗುತ್ತಿವೆ. ಕಿಟಕಿ ತೆಗೆದರೆ ಗಾಳಿಗೆ ತಟ್ಟೆಗಳು ಮೇಲೆ ಕೆಳಗೆ ಆಡುತ್ತವೆ, ಇಬ್ಬಿಬ್ಬರು ಕೂತು ಮಾತಾಡಿದ ಹಾಗೆ. ಇವತ್ತು ಕಿಟಕಿ ಹಾಕಿದೆ.

ಲೆಕ್ಕ ಹಾಕಿದೆ. ಮೂರು ವರ್ಷ, ವಾರಕ್ಕೆ ಎರಡು ಸಲ ಪಾರ್ಕು. ನೂರಂತೂ ಆಗುತ್ತದೆ. ಮುನ್ನೂರೂ ಆಗಬಹುದು. ಎರಡೆರಡು ಬರೆದ ದಿನಗಳೂ ಇವೆಯಲ್ಲ. ಮೂರು ಬರೆದ ದಿನವೂ. ಯಾರು ಕಂಡರು, ಆ ಸಾವಿರದ ಮುನ್ನೂರ ಹನ್ನೆರಡು ಜನ ಅಷ್ಟೂ ನಾನೇ ಇದ್ದರೆ?

ಒಬ್ಬನೇ ಮನುಷ್ಯ ಆರು ಅಂತಸ್ತಿನ ಹೋಟೆಲು ತರಿಸಿದ. ಬೇರೆ ದಿನವಾಗಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಮಾರ್ಚ್ ೧೬, ಭಾನುವಾರ

ಸಹಿಗಳು ನಾನೂರ ಹನ್ನೊಂದು ಆದವು. ಪೋಸ್ಟಕ್ಕ ಹೊಸ ಉಪಾಯ ತೆಗೆದಳು: "ಆ ಚೀಟಿಗಳನ್ನ ತೋರ್ಸಿ ಅಂತ ಕೇಳೋಣ. ಮೂವತ್ತೆಂಟು ವರ್ಷ ಅಂಚೇಲಿ ಕೂತಿದ್ದೀನಿ. ಅಕ್ಷರ ನೋಡಿದ್ರೆ ಸುಳ್ಳು ಯಾವುದು ಅಂತ ಹೇಳ್ತೀನಿ."

ನನ್ನ ಟೀ ಮೂಗಿಗೆ ಹತ್ತಿತು.

"ಯಾರು ಹೋಗೋದು ಆಫೀಸಿಗೆ?" ಅಂದ ಮೀಟರಣ್ಣ. "ನಾನು ಹೋದ್ರೆ ಜಗಳ ಆಗುತ್ತೆ."

"ನಾನು ಹೋಗ್ತೀನಿ," ಅಂದೆ. "ಮಾಲೀಕರು ನನ್ನ ನೋಡಿದ್ರೆ ಎದ್ದು ನಿಲ್ತಾರೆ." ಒಳಗಿನ ಉಪಾಯ ಬೇರೆಯೇ ಇತ್ತು. ಚೀಟಿಗಳ ಕಟ್ಟು ಕೈಗೆ ಬಂದರೆ ಹಸಿರು ಇರುವುದನ್ನೆಲ್ಲ ಅಂಗಿಯೊಳಗೆ ಸೇರಿಸುವುದು. ನನ್ನ ಕೈಚಳಕದ ಮುಂದೆ ಅದೇನು ಮಹಾ!

ಒಂದೇ ತೊಡಕು. ಆ ಚೀಟಿಗಳನ್ನು ಓದಿ ಎಣಿಸುವ ಮೇಜು ಆಫೀಸಿನ ಮೊದಲ ಮಹಡಿಯಲ್ಲಿದೆ, ಕಿಟಕಿಯಲ್ಲಿ ಸಣ್ಣ ಹೂಕುಂಡ ಇಟ್ಟ ಕೋಣೆಯಲ್ಲಿ. ಅಲ್ಲಿ ಕೂರುವವಳು ನನ್ನ ಅಕ್ಕನ ಮಗಳು.

ಅವಳನ್ನು ನಾನು ಬಟ್ಟು ಅಂತ ಕರೆಯುತ್ತಿದ್ದೆ, ತೂಕದ ಬಟ್ಟಿನ ಹಾಗೆ ಗಿಡ್ಡಕ್ಕೆ, ಗಟ್ಟಿಯಾಗಿ ಇದ್ದಳು. ಅಕ್ಕನಿಗೆ ಆಸ್ಪತ್ರೆಯಲ್ಲಿ ಭಾನುವಾರವೂ ಪಾಳಿ. ಹಾಗಾಗಿ ಭಾನುವಾರ ಬಟ್ಟು ನನ್ನ ಪಾಲು. ಮೊದಲು ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಅವಳನ್ನು ತೂಗುವುದು, ಆಮೇಲೆ ಪಾರ್ಕು. ಮೊದಲ ಸಲ ದೋಣಿಯಲ್ಲಿ ಕೂತಾಗ ಇಪ್ಪತ್ತೆರಡು ಕಿಲೋ. ಗುಹೆಯೊಳಗೆ ಕತ್ತಲಾದಾಗ, "ಮಾಮ, ಇದೀರಾ?" ಅನ್ನುತ್ತಿದ್ದಳು. "ಇಲ್ಲ," ಅನ್ನುತ್ತಿದ್ದೆ. ನಗುತ್ತಿದ್ದಳು. ದೊಡ್ಡವಳಾಗಿ ಇದೇ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಭಾನುವಾರ ಊಟದ ಬಿಡುವಿನಲ್ಲಿ ಓಡಿ ಬಂದು ಒಂದು ಸುತ್ತು ಹೋಗಿ ಓಡುತ್ತಿದ್ದಳು.

ಈ ಹಸಿರು ಪೆನ್ನು ಅವಳ ಮೊದಲ ಸಂಬಳದ್ದು.

ಇಷ್ಟು ಸಾಕು ಇವತ್ತಿಗೆ.

ಮಾರ್ಚ್ ೧೭, ಸೋಮವಾರ

ಅಕ್ಕ ಫೋನು ಮಾಡಿದ್ದಳು. ಊಟ ಆಯ್ತಾ, ಬಿಪಿ ಮಾತ್ರೆ ನುಂಗಿದೆಯಾ ಎಂದು ಕೇಳಿದಳು. ಮಗಳ ಸುದ್ದಿ ಅವಳೂ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಫೋನಿನಲ್ಲಿ ಅವಳ ಹಿಂದಿನಿಂದ ಬಟ್ಟುವಿನ ದನಿ ಕೇಳಿದ ಹಾಗಾಯಿತು, ಯಾರಿಗೋ ಬಾಗಿಲು ಹಾಕು ಅನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ನಡೆದದ್ದು ಇಷ್ಟೇ. ಅವಳ ಮದುವೆ ಮಾತುಕತೆಗೆ ಹುಡುಗನ ಕಡೆಯವರು ಬಂದಿದ್ದರು. ನಾನು ಸುಮ್ಮನೆ ಕೂರಲಾರದೆ, ಈ ಪಾರ್ಕಿನಲ್ಲಿ ನನಗೆ ನಾಲ್ಕನೇ ಒಂದು ಪಾಲಿದೆ, ಮುಂದೆ ಎಲ್ಲ ಇವಳಿಗೇ ಅಂದೆ. ಟೀ ತಣ್ಣಗಾಗುತ್ತಿತ್ತು, ಮಾತು ಬೇಕಿತ್ತು, ಅಂದೆ. ಅವರು ನಂಬಿದರು. ಮದುವೆಯಾಗಿ ಎರಡು ತಿಂಗಳಿಗೆ ಅವಳ ಮಾವ ಆಫೀಸಿಗೇ ಬಂದು, ಎಲ್ಲರ ಎದುರು, ಪಾಲಿನ ಕಾಗದಪತ್ರ ಎಲ್ಲಿ ಎಂದು ಕೇಳಿದರಂತೆ. ಅವಳ ಮೇಜಿನ ಮುಂದೆಯೇ.

ಅವತ್ತು ಸಂಜೆ ಬಂದಳು. ಅಳಲಿಲ್ಲ, ಕೂಗಲಿಲ್ಲ. "ಒಂದೇ ಒಂದು ಮಾತು ನಿಜ ಹೇಳಿ ಮಾಮ. ಯಾವತ್ತಾದ್ರೂ. ಅವತ್ತು ನಾನೇ ಬರ್ತೀನಿ," ಅಂದಳು.

ಅದಕ್ಕೆ ನಾನೇನಂದೆ ಗೊತ್ತೆ? "ನಾನು ಜೀವಮಾನದಲ್ಲಿ ಸುಳ್ಳೇ ಹೇಳಿಲ್ಲ."

ಮಾರ್ಚ್ ೧೯, ಬುಧವಾರ

ಆಫೀಸಿಗೆ ಹೋದೆ. ಇಸ್ತ್ರಿ ಅಂಗಿ, ಒಳಗೆ ಚೀಟಿ ಸೇರಿಸಲು ಜಾಗ. ಮೆಟ್ಟಿಲು ಇಪ್ಪತ್ತೊಂದು.

ಬಟ್ಟು ತಲೆ ಎತ್ತಿದಳು. ಸ್ವಲ್ಪ ತೆಳ್ಳಗಾಗಿದ್ದಾಳೆ. ಐವತ್ತೊಂದು ಕಿಲೋ ಇರಬಹುದು.

"ಕೂತ್ಕೊಳ್ಳಿ," ಅಂದಳು. ಮಾಮ ಅನ್ನಲಿಲ್ಲ.

ಅಭಿಮಾನಿಗಳ ಪರವಾಗಿ ಬಂದಿದ್ದೇನೆ, ಕೋಣೆ ಕೇಳಿದ ಚೀಟಿಗಳನ್ನು ನೋಡಬೇಕು ಅಂದೆ. ಅವಳು ಕಪಾಟಿನಿಂದ ಎರಡು ದೊಡ್ಡ ಡಬ್ಬ ತಂದು ಮೇಜಿನ ಮೇಲಿಟ್ಟಳು. ಒಂದೊಂದಾಗಿ ತಿರುವಿದೆ. ನೀಲಿ, ಕಪ್ಪು, ಪೆನ್ಸಿಲು, ಮಕ್ಕಳ ಬಣ್ಣದ ಕಡ್ಡಿ. ಹಸಿರು ಒಂದೂ ಇಲ್ಲ.

"ಏನು ಹುಡುಕ್ತಿದೀರಿ?"

"ಏನಿಲ್ಲ. ಸುಮ್ನೆ."

ಅವಳು ಮೇಜಿನ ಕೆಳಗಿನ ಡ್ರಾಯರು ಎಳೆದಳು. ರಬ್ಬರ್ ಬ್ಯಾಂಡು ಹಾಕಿದ ಒಂದು ಕಟ್ಟು. ಮೇಲಿನ ಚೀಟಿಯಲ್ಲಿ ನನ್ನ ನ್ಯಾಯಾಧೀಶ.

"ಇನ್ನೂರ ಹದಿನಾಲ್ಕು ಇದಾವೆ. ಇವನ್ನ ನಾನು ಲೆಕ್ಕಕ್ಕೆ ಹಿಡಿದಿಲ್ಲ."

ಎಷ್ಟು ಹಗುರವಾಗಬೇಕಿತ್ತು ನನಗೆ! ಹೋಟೆಲು ನನ್ನಿಂದ ಬಂದದ್ದಲ್ಲ. ಆದರೆ ಮೊದಲು ಬಾಯಿಗೆ ಬಂದದ್ದು, "ಯಾಕೆ ಹಿಡಿದಿಲ್ಲ?" ಎಂದು.

ಅವಳಿಗೆ ನಗು ಬಂತು. ಕಿಟಕಿ ಕಡೆ ತಿರುಗಿ ನುಂಗಿದಳು. "ಯಾಕಂದ್ರೆ ಇಷ್ಟೂ ಒಬ್ಬರದೇ. ಆ ಸಾವಿರದ ಮುನ್ನೂರು ಬೇರೆ ಬೇರೆ ಜನ. ನಿಜವಾಗ್ಲೂ ಅಷ್ಟು ಜನಕ್ಕೆ ಇಲ್ಲೇ ಮಲಗ್ಬೇಕಂತೆ." ಆಮೇಲೆ ಒಂದು ಚೀಟಿ ಎಳೆದು ಓದಿದಳು: "ಮೂರು ಮಕ್ಕಳ ತಾಯಿ. ‘ಮಕ್ಕಳು ಮಲಗಿದ ಮೇಲೆ ಮನೆ ತುಂಬಾ ದೊಡ್ಡದಾಗುತ್ತದೆ. ಆದ್ದರಿಂದ ಇಲ್ಲಿ ಒಂದು ಸಣ್ಣ ಕೋಣೆ ಕೊಡಿ.’"

ನಾನು ಹಾಗೆ ಬರೆದದ್ದು ನೆನಪೇ ಇರಲಿಲ್ಲ.

"ಎಲ್ಲ ಓದಿದೀಯಾ?" ಅಂದೆ.

"ಓದೋದೇ ನನ್ನ ಕೆಲಸ."

ಟೀ ಪುಕ್ಕಟೆ ಸಿಗುತ್ತದೆಂದು ಬರೆದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಪಾರ್ಕಿನ ಟೀ ಕುಡಿದರೆ ನನಗೆ ಎದೆಯುರಿ. ಎಷ್ಟೋ ಸಲ ಗಿಡದ ಬುಡಕ್ಕೆ ಸುರಿದಿದ್ದೇನೆ.

ಅವಳು ಬೇರೊಂದು ಕಾಗದ ತೆಗೆದಳು. ಪಾರ್ಕಿನವರು ದೋಣಿಗುಹೆಯ ಕೊನೆಯ ದೋಣಿಯ ಸವಾರಿಯನ್ನು ಅತಿ ಹೆಚ್ಚು ಸುತ್ತು ಹೋದ ಅಭಿಮಾನಿಗೆ ಕೊಡುತ್ತಾರಂತೆ. ಫೋಟೋ, ಚೌಕಟ್ಟು ಹಾಕಿದ ಪ್ರಮಾಣಪತ್ರ, ಹೋಟೆಲಿನ ಗೋಡೆಯಲ್ಲಿ ಹೆಸರು. ಬೆಂಚಿನ ಪುಸ್ತಕವನ್ನು ಪೋಸ್ಟಕ್ಕ ಆಗಲೇ ಕಳಿಸಿದ್ದಾಳೆ.

"ಮೂರು ಸಾವಿರದ ಎಂಬತ್ತು ಅಂತ ಇದೆ. ಹಾಗೇ ನಮೂದು ಮಾಡ್ಲಾ?"

ಪೆನ್ನು ಹಿಡಿದು ಕಾದಳು. ಹೂಕುಂಡದ ಮಣ್ಣು ಒಣಗಿತ್ತು. ನೀರು ಹಾಕಬೇಕು ಅಂತ ಹೇಳಬೇಕೆನಿಸಿತು.

"ಮಾಡು," ಅಂದೆ. "ಸ್ವಲ್ಪ ಕಮ್ಮೀನೇ ಆಯ್ತು ಅದು."

ಅವಳು ಹಸಿರು ಚೀಟಿಗಳಿಗೆ ರಬ್ಬರ್ ಬ್ಯಾಂಡು ಹಾಕಿ ಡ್ರಾಯರು ಮುಚ್ಚಿದಳು.

ಮಾರ್ಚ್ ೨೦, ಗುರುವಾರ

ಏನೂ ಇಲ್ಲ.

ಮಾರ್ಚ್ ೨೩, ಭಾನುವಾರ

ಚೀಟಿಗಳೆಲ್ಲ ನಿಜವೇ ಎಂದು ಬೆಂಚಿನವರಿಗೆ ಹೇಳಿದೆ. ಮೀಟರಣ್ಣ ನಂಬಲಿಲ್ಲ. ಡಾಕ್ಟರು ನಿಟ್ಟುಸಿರುಬಿಟ್ಟರು. ಸಹಿಗಳ ಹಾಳೆಗೆ ಪಾರ್ಕಿನವರಿಂದ ಉತ್ತರ ಬಂದಿದೆ: ತಿಮಿಂಗಿಲವನ್ನು ಹೋಟೆಲಿನ ಬಾಗಿಲಲ್ಲಿ ಇಡುತ್ತಾರಂತೆ. ದವಡೆ ರಿಪೇರಿ ಮಾಡಿಸಿ.

"ಮುರಿದ ದವಡೆ ಇಲ್ಲದ ಮೇಲೆ ಅದು ನಮ್ಮ ತಿಮಿಂಗಿಲ ಹೇಗಾಗುತ್ತೆ?" ಅಂದಳು ಪೋಸ್ಟಕ್ಕ.

ಕೊನೆಯ ದೋಣಿ ನನಗೆ ಎಂದು ಎಲ್ಲರಿಗೂ ಗೊತ್ತಾಗಿದೆ. ಡಾಕ್ಟರು ಕೈ ಕುಲುಕಿದರು. ಪೋಸ್ಟಕ್ಕನೂ ಕುಲುಕಿದಳು, ಆದರೆ ಬೇಗ ಬಿಟ್ಟಳು. ಅವಳದು ೨,೨೭೫. ಎರಡನೆಯ ಸ್ಥಾನ.

"ಜೊತೆಗೆ ಯಾರನ್ನ ಕೂರಿಸ್ಕೊಳ್ತೀರಿ ಮಾಮ?" ಎಂದು ದೋಣಿಯವನು ಕೇಳಿದ. ಅವನು ನನ್ನನ್ನು ಮಾತಾಡಿಸಿ ಮೂರು ವರ್ಷವಾಗಿತ್ತು.

ಮಾರ್ಚ್ ೨೫, ಮಂಗಳವಾರ

ದೋಣಿಯ ವಿಷಯ ಬರೆದಿಡಬೇಕು. ಎರಡೇ ಸೀಟು. ಒಬ್ಬರೇ ಕೂತರೆ ವಾಲುತ್ತದೆ, ಗೋಡೆಗೆ ಉಜ್ಜುತ್ತದೆ. ಅದಕ್ಕೆ ಒಬ್ಬರೇ ಬಂದರೆ ದೋಣಿಯವನು ಪಕ್ಕದ ಸೀಟಿಗೆ ಮರಳು ಮೂಟೆ ಕೂರಿಸುತ್ತಾನೆ. ಬಟ್ಟು ಬರುವುದು ನಿಂತ ಮೊದಲ ಭಾನುವಾರ ನಾನು ಸಾಲಿನಲ್ಲಿ ನಿಂತೆ. ಅವನು ಮೂಟೆ ಎತ್ತಿಕೊಂಡು ಬಂದು ಅವಳ ಸೀಟಿನಲ್ಲಿಟ್ಟ. ಬೆಲ್ಟು ಕೂಡ ಹಾಕಿದ ಅದಕ್ಕೆ. ನನಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಇಳಿದುಬಿಟ್ಟೆ.

ಆಮೇಲೆ ಹತ್ತಿಲ್ಲ.

ಬರೆದುಬಿಟ್ಟೆನಲ್ಲ. ಈ ಹಾಳೆ ಹರಿಯಬೇಕು.

ಹರಿಯಲಿಲ್ಲ. ಊಟ ಮಾಡಿ ಬಂದು ನೋಡಿದರೆ ಇನ್ನೂ ಇದೆ. ಇರಲಿ. ಮಾಲೀಕರನ್ನೂ ನಾನು ನೋಡಿಲ್ಲ. ಪಾರ್ಕಿನ ಕ್ಯಾಂಟೀನಿನ ತಕ್ಕಡಿ ರಿಪೇರಿಗೆ ಹೋದಾಗ ಅಡುಗೆಯವನು ಹಿಂಬಾಗಿಲಿಂದ ಬಾ ಅಂದಿದ್ದ, ಚಪ್ಪಲಿ ಹೊರಗೆ ಬಿಡು ಅಂದಿದ್ದ. ದೋಣಿಗುಹೆ ಅವತ್ತಿಗಾಗಲೇ ಇತ್ತು.

ಮಾರ್ಚ್ ೨೯, ಶನಿವಾರ

ಇವತ್ತು ಡಾಕ್ಟರೂ ಕ್ಲಿನಿಕ್ಕು ಮುಚ್ಚಿ ಬಂದಿದ್ದರು. ನಾಲ್ವರೂ ಇದ್ದೆವು. ಪೋಸ್ಟಕ್ಕ ಪುಸ್ತಕ ತೆಗೆದು, "ಇವತ್ತು ಎಷ್ಟು ಮಾಮ?" ಎಂದು ಕೇಳಿದಳು.

"ಸೊನ್ನೆ," ಅಂದೆ.

"ಹುಷಾರಿಲ್ವಾ?"

"ಹೋದ ವಾರಾನೂ ಸೊನ್ನೆ. ಅದರ ಹಿಂದಿನದೂ. ಮೂರು ವರ್ಷದ್ದೂ ಸೊನ್ನೆ. ಆ ಮರಳು ಮೂಟೆ ಪಕ್ಕ ಕೂರೋಕೆ ಆಗ್ಲಿಲ್ಲ. ಅದಕ್ಕೂ ಮುಂಚೆ ಒಂದಿದ್ರೆ ಎರಡು ಅಂತ ಬರೆಸಿದ್ದೂ ಇದೆ. ಎಲ್ಲ ಹೊಡೆದುಹಾಕಿ ಅಕ್ಕಾ."

ಮೀಟರಣ್ಣ ಜೋರಾಗಿ ನಕ್ಕ. ಹೊಸ ತಮಾಷೆ ಅಂದುಕೊಂಡ. ಪೋಸ್ಟಕ್ಕ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ನನ್ನ ಮೊಣಕಾಲು ನೋಡಿದೀರಾ?" ಅಂದಳು. "ಆ ದೋಣಿಗೆ ಇಳಿಯೋಕೆ ನಾಲ್ಕು ಮೆಟ್ಟಿಲು, ಹತ್ತೋಕೆ ನಾಲ್ಕು. ನಿಮ್ಮನ್ನ ಹಿಡೀಬೇಕು ಅಂತ ಮೂರು ವರ್ಷ ದಿನಕ್ಕೆ ನಾಲ್ಕು ಸುತ್ತು ಹೋಗಿದೀನಿ. ಮಾತ್ರೆ ನುಂಗಿ ಹೋಗಿದೀನಿ. ನೀವು ಈ ಬೆಂಚಲ್ಲಿ ಕೂತು ಎಂಟು ಅಂದ್ರಿ, ನಾನು ಎಂಟು ಬರೆದೆ."

"ಹೌದು," ಅಂದೆ.

"ಕೇಳಿದ್ರೆ ನಾನೇ ನಿಮ್ಮ ಪಕ್ಕ ಕೂರ್ತಿದ್ದೆನಲ್ಲ! ಮೂಟೆಗಿಂತ ಕಡೆಯಾಗಿದ್ನಾ ನಾನು?"

ನಾನು ಅವಳ ಮೊಣಕಾಲನ್ನೇ ನೋಡಿದೆ.

ಅವಳು ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದ್ದಳು. ಮೀಟರಣ್ಣ ಅವಳ ಚೀಲ ಹಿಡಿದು ಹಿಂದೆ ಹೋದ. ಡಾಕ್ಟರು, "ನೋವಾಗುತ್ತೆ. ಕಿತ್ತ ಮೇಲೆ ಎರಡು ದಿನ," ಎಂದು ಹೇಳಿ ಅವರೂ ಹೋದರು.

ಬೆಂಚು ಒಬ್ಬನಿಗೆ ತುಂಬಾ ಉದ್ದ.

ಮಾರ್ಚ್ ೩೦, ಭಾನುವಾರ

ಕೊನೆಯ ದಿನ. ಬಹಳ ಜನ. ಅಳುವವರು, ಹೋಟೆಲಿನ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು, ಎರಡೂ ಮಾಡುವವರು.

ಮಧ್ಯಾಹ್ನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ದೋಣಿಯವನು ಸುತ್ತ ನೋಡಿದ, ಯಾರಾದರೂ ಜೊತೆಗಿದ್ದಾರೆಯೇ ಎಂದು.

"ಮೂಟೆ ತಗೊಂಡು ಬಾರಪ್ಪ," ಅಂದೆ.

ತಂದ. ನಾನೇ ಒಂದು ಕೈ ಕೊಟ್ಟೆ. ನಲವತ್ತು ಕಿಲೋ, ಹೆಚ್ಚೆಂದರೆ ಒಂದು ಕಮ್ಮಿ. ಕೈಗೆ ತೂಕ ಇನ್ನೂ ಗೊತ್ತಾಗುತ್ತದೆ. ಬೆಲ್ಟು ನಾನೇ ಹಾಕಿದೆ.

ಒಂಬತ್ತು ನಿಮಿಷ. ಚಂದ್ರನ ಬಣ್ಣ ಹೋಗಿದೆ. ತಿಮಿಂಗಿಲದ ದವಡೆ ಹಾಗೇ ಜೋತುಬಿದ್ದಿದೆ, ಕಿರ್ ಅನ್ನುತ್ತದೆ. ಅದಾದ ಮೇಲೆ ಪೂರ್ತಿ ಕತ್ತಲಿನ ಜಾಗ ಬರುತ್ತದಲ್ಲ, ಅಲ್ಲಿ ಯಾರೂ ಏನೂ ಕೇಳಲಿಲ್ಲ. "ಇದೀನಿ," ಅಂದೆ.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕಾಣಲಿಲ್ಲ. ಇಳಿಯುವ ಮೆಟ್ಟಿಲ ಹತ್ತಿರ ಮೇಜು ಹಾಕಿ ಬಟ್ಟು ಕೂತಿದ್ದಳು, ಅಭಿಮಾನಿಗಳಿಗೆಲ್ಲ ಪ್ರಮಾಣಪತ್ರದಲ್ಲಿ ಸುತ್ತಿನ ಸಂಖ್ಯೆ ಬರೆದುಕೊಡಲು. ನಾನೂ ಸಾಲಿನಲ್ಲಿ ಹೋಗಿ ನಿಂತೆ. ತಲೆ ಎತ್ತದೆ, "ಎಷ್ಟು?" ಎಂದು ಕೇಳಿದಳು.

"ಆರುನೂರ ಹನ್ನೆರಡು."

ಪೆನ್ನು ನಿಂತಿತು.

"ಕೊನೇದು ಈಗ ಹೋಗಿದ್ದು. ಮರಳು ಮೂಟೆ ಜೊತೆ," ಅಂದೆ. "ಅದಕ್ಕೂ ಒಂದು ಕಾಗದ ಬರೆದುಕೊಡು."

ಅವಳು ಬರೆದಳು. ೬೧೨. ನಿಧಾನಕ್ಕೆ, ಮೇಷ್ಟ್ರು ಬೆತ್ತ ಹಿಡಿದು ಪಕ್ಕದಲ್ಲೇ ನಿಂತಿದ್ದಾರೇನೋ ಎಂಬಂತೆ ದುಂಡಗೆ. ಆಮೇಲೆ, "ನನ್ನ ಲೆಕ್ಕದಲ್ಲೂ ಆರುನೂರ ಹನ್ನೊಂದೇ ಇತ್ತು," ಅಂದಳು. "ಚಿಕ್ಕೋಳಿದ್ದಾಗಿಂದ ನಿಮ್ಮ ಅಂಗಡಿ ಗೋಡೆ ಮೇಲೆ ಗೀಟು ಹಾಕ್ತಿದ್ದೆ. ದೊಡ್ಡ ತಕ್ಕಡಿ ಹಿಂದೆ. ಯಾವತ್ತೂ ನೋಡಿಲ್ವಾ?"

ನೋಡಿರಲಿಲ್ಲ.

ಹಿಂದೆ ಜನ ನೂಕುತ್ತಿದ್ದರು. ಕಾಗದ ಕೈಗೆ ಕೊಡುತ್ತ, "ಮುಂದಿನ ಭಾನುವಾರ ಮನೇಲಿರ್ತೀರಾ?" ಎಂದು ಕೇಳಿದಳು.

"ಎಲ್ಲಿ ಪುರುಸೊತ್ತು! ಮಂತ್ರಿಗಳು ಬರ್ತಾರೆ..." ಅಂದೆ. ನಾಲಿಗೆ ನೋಡಿ ಹೇಗಿದೆ. ಅವಳು ಕಾಗದ ಬಿಡದೆ ನನ್ನನ್ನೇ ನೋಡುತ್ತಿದ್ದಳು.

"ಇರ್ತೀನಿ," ಅಂದೆ. "ಯಾರೂ ಬರಲ್ಲ. ಇರ್ತೀನಿ."

ಕೊನೆಯ ದೋಣಿಯಲ್ಲಿ ಪೋಸ್ಟಕ್ಕ ಹೋದಳು, ಪಕ್ಕದಲ್ಲಿ ಮೀಟರಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ದೂರ ನಿಂತು ತಟ್ಟಿದೆ. ಹೋಗುವಾಗ ಅವಳು ಬೆಂಚಿನ ಹತ್ತಿರ ಬಂದು ಪುಸ್ತಕದ ನನ್ನ ಹಾಳೆ ಹರಿದು ಕೈಗಿಟ್ಟಳು. ಮೇಜಿನ ಹತ್ತಿರ ನಾನು ಹೇಳಿದ ಸಂಖ್ಯೆ ಕೇಳಿಸಿಕೊಂಡು ನೆಟ್ಟಗೆ ಕೂಡಿ ಕಳೆದಿದ್ದಾಳೆ, ಅಂಚೆಯವಳಲ್ಲವೇ.

ಮನೆಗೆ ಬಂದವನು ಮೊದಲು ದೊಡ್ಡ ತಕ್ಕಡಿ ಸರಿಸಿ ನೋಡಿದೆ. ಸೀಮೆಸುಣ್ಣದ ಗೀಟುಗಳು. ಐದೈದರ ಕಟ್ಟು, ಕೆಳಗಿನಿಂದ ಶುರುವಾಗಿ ಅವಳು ಬೆಳೆದ ಹಾಗೆ ಮೇಲೆ ಮೇಲೆ ಹೋಗಿವೆ. ಎಣಿಸಿದೆ. ಸರಿಯಾಗಿದೆ. ಒಂದು ಗೀಟು ಕೊನೆಯಲ್ಲಿ ನಾನು ಹಾಕಬೇಕೋ ಬೇಡವೋ ತಿಳಿಯದೆ ಬಿಟ್ಟಿದ್ದೇನೆ. ಭಾನುವಾರ ಕೇಳುತ್ತೇನೆ.

ಪೋಸ್ಟಕ್ಕನ ಹಾಳೆ ಎದುರಿಗಿದೆ. ಬರೆಸಿದ್ದು ಮೂರು ಸಾವಿರದ ಎಂಬತ್ತು. ಹೋಗಿದ್ದು, ಇವತ್ತಿನದೂ ಸೇರಿ, ಆರುನೂರ ಹನ್ನೆರಡು. ಹತ್ತು ಸಾವಿರ ಎಂದು ಈ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಬರೆದದ್ದನ್ನು ಬಿಟ್ಟುಬಿಡಿ. ನಾನು ಕಳೆದುಕೊಂಡದ್ದು ಎರಡು ಸಾವಿರದ ನಾನೂರ ಅರವತ್ತೆಂಟು ಸುತ್ತು.